ನಾಲ್ಕು ಕೊಡದ ಬೇಟೆಗಾರ

ನಮ್ಮ ಮನೆಗೆ ಮೀನಿನ ತೊಟ್ಟಿ ಬಂದದ್ದು ಯಾರ ಆಸೆಯಿಂದಲೂ ಅಲ್ಲ. ನನ್ನ ಹೆಂಡತಿಯ ತಮ್ಮನಿಗೆ ಕಲಬುರಗಿಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುವಾಗ, ಇದೊಂದು ದಾರಿಯಲ್ಲಿ ಒಡೆದೀತು ಎಂದು ಗಾಜಿನ ತೊಟ್ಟಿಯನ್ನು ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇಳಿಸಿ ಹೋದ. ಎರಡು ಅಡಿ ಉದ್ದ, ಒಂದು ಅಡಿ ಅಗಲ. ಒಂದು ಅಡಿ ಎತ್ತರಕ್ಕೆ ನೀರು ತುಂಬಿದರೆ 56 ಲೀಟರ್ ಹಿಡಿಯುತ್ತದೆ. ನಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕು ಕೊಡ.

ಕೊಡದ ಲೆಕ್ಕ ಏಕೆ ಎಂದು ಗದಗ-ಬೆಟಗೇರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಓಣಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ. ಬಂದ ದಿನ ಮನೆಯಲ್ಲಿ ಹಬ್ಬ. ನೆಲದೊಳಗಿನ ಟಾಕಿ, ಎರಡು ಡ್ರಮ್ಮು, ಹಂಡೆ, ಕೊಡ, ಕೊನೆಗೆ ಚರಿಗೆಗಳನ್ನೂ ತುಂಬಿಟ್ಟು, ಮುಂದಿನ ಸಲ ಬರುವವರೆಗೆ ಲೆಕ್ಕ ಹಾಕಿ ಬಳಸಬೇಕು.

ತೊಟ್ಟಿ ನೋಡಿದ್ದೇ ತಡ, ಏಳನೆಯ ತರಗತಿಯ ನಮ್ಮ ಹುಡುಗ ತೀರ್ಪು ಕೊಟ್ಟ.

"ಅಪ್ಪಾ, ಇದರಾಗ ಬಣ್ಣದ ಮೀನ ಬ್ಯಾಡ. ಬೇಟೆ ಆಡೋ ಮೀನ ಬೇಕು."

ಫೋನಿನಲ್ಲಿ ಅವನು ಏನೇನು ನೋಡಿದ್ದನೋ, ಒಂದೇ ಉಸಿರಿಗೆ ಪಿರಾನಾ, ಆಸ್ಕರ್, ಅರೋವಾನಾ, ಅಲಿಗೇಟರ್ ಗಾರ್ ಎಂದು ಹೆಸರು ಹೇಳಿದ. ಒಳಗೆ ಕಾಯಿಪಲ್ಲೆ ಸೋಸುತ್ತಿದ್ದ ಅವ್ವ ಅಲ್ಲಿಂದಲೇ ಕೇಳಿದಳು:

"ತತ್ತಿ ಸೈತ ಒಳಗ ತರಂಗಿಲ್ಲ ನಾವು. ಜೀವ ತಿನ್ನೋ ಜೀವಾನ ಪಡಸಾಲ್ಯಾಗ ಇಟ್ಟು ಪೂಜಿ ಮಾಡೂದೇನು?"

ನಾನು ಇಬ್ಬರ ನಡುವೆ. ನಾನು ಔಷಧ ಕಂಪನಿಯ ಪ್ರತಿನಿಧಿ. ವಾರವಿಡೀ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಸ್ಕೂಟರಿನ ಮೇಲೆ ಸುತ್ತುವವನು. ಡಾಕ್ಟರರನ್ನು ಒಪ್ಪಿಸುವುದು ನನ್ನ ಹೊಟ್ಟೆಪಾಡು. ಅವ್ವನನ್ನು ಒಪ್ಪಿಸುವ ವಿದ್ಯೆ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಮಗನ ಮುಖ ನೋಡಿ, ಒಂದು ಭಾನುವಾರ ಅವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ.

ಅಲ್ಲಿನ ಒಂದು ಅಂಗಡಿಯಲ್ಲಿ ಎರಡು ಅಂಗುಲದ ಮರಿಗಳಿದ್ದವು. ಬೆಳ್ಳಿಯ ಮೈ, ಕೆಂಪು ಹೊಟ್ಟೆ. "ಪಿರಾನಾ" ಎಂದರು. ಎಷ್ಟು ದೊಡ್ಡದಾಗುತ್ತವೆ ಎಂದು ಕೇಳಿದೆ. "ತೊಟ್ಟಿ ಎಷ್ಟಿರತದೋ ಅಷ್ಟ ಬೆಳೀತಾವ್ರಿ ಸರ್" ಎಂಬ ಉತ್ತರ ಬಂತು. ಎಷ್ಟು ಅನುಕೂಲದ ಮಾತು! ಎರಡು ಮರಿ ಕೊಂಡೆ. ಮಗ ಪಾಲಿಥಿನ್ ಚೀಲವನ್ನು ಎದೆಗೆ ಅವಚಿಕೊಂಡು, ಎಲ್ಲಿ ಕಚ್ಚಿ ಚೀಲ ಹರಿದುಬಿಡುತ್ತವೋ ಎಂದು ಬಸ್ಸಿನುದ್ದಕ್ಕೂ ಕಣ್ಣು ಕೀಲಿಸಿ ಕೂತಿದ್ದ.

ಕಚ್ಚಲಿಲ್ಲ. ಮನೆಗೆ ಬಂದ ಮೇಲೂ ಯಾರನ್ನೂ ಕಚ್ಚಲಿಲ್ಲ. ಅಂಗಡಿಯಿಂದ ತಂದ ಕಾಳಿನಂಥ ಆಹಾರ ತಿಂದುಕೊಂಡಿದ್ದವು. ಒಂದು ದಿನ ನಮ್ಮ ಸಣ್ಣ ಮಗಳು ಊಟ ಮಾಡುತ್ತ ಸವತೆಕಾಯಿಯ ಒಂದು ಹೋಳನ್ನು ತೊಟ್ಟಿಗೆ ಹಾಕಿಬಿಟ್ಟಳು. ಎರಡೂ ಮೀನು ಹಾರಿ ಬಂದು ಅದನ್ನು ಕರಕರನೆ ಕಡಿದು ಮುಗಿಸಿದವು. ಮರುದಿನ ಮೆಂತ್ಯದ ಎಲೆ, ಅದರ ಮರುದಿನ ನೆನೆಸಿದ ಶೇಂಗಾ. ಬೇಡ ಎಂದದ್ದೇ ಇಲ್ಲ.

ಅವ್ವನ ಸಂಭ್ರಮ ನೋಡಬೇಕಿತ್ತು. "ನೋಡು, ನಮ್ಮನಿ ನೀರ ಬಿದ್ದ ಕೂಡ್ಲೆ ಸುಧಾರಿಸಿದುವು" ಎಂದು ಓಣಿಗೆಲ್ಲ ಹೇಳಿ ಬಂದಳು. ಮಗ ಮಾತ್ರ ಎರಡು ದಿನ ತೊಟ್ಟಿಯ ಕಡೆ ತಿರುಗಿ ನೋಡಲಿಲ್ಲ. ಸವತೆಕಾಯಿ ತಿನ್ನುವ ಪಿರಾನಾದ ಸುದ್ದಿಯನ್ನು ಶಾಲೆಯಲ್ಲಿ ಹೇಗೆ ಹೇಳುವುದು?

ಗುಟ್ಟು ಬಯಲಾದದ್ದು ಲಕ್ಷ್ಮೇಶ್ವರದ ಸಂತೆಯಲ್ಲಿ. ಒಬ್ಬ ಡಾಕ್ಟರರಿಗಾಗಿ ಕಾಯುತ್ತ, ಹೊತ್ತು ಹೋಗದೆ ಸಂತೆಯ ಅಂಚಿನಲ್ಲಿ ನಡೆಯುತ್ತಿದ್ದೆ. ಮೀನು ಮಾರುವವಳ ಹಲಗೆಯ ಮೇಲೆ ನಮ್ಮ ಮನೆಯವೇ ಮಲಗಿದ್ದವು! ಅದೇ ಬೆಳ್ಳಿ ಮೈ, ಅದೇ ಕೆಂಪು ಹೊಟ್ಟೆ. ಆದರೆ ಒಂದೊಂದೂ ನನ್ನ ಮೊಣಕೈಯಷ್ಟು ಉದ್ದ, ತಟ್ಟೆಯಷ್ಟು ಅಗಲ.

"ಇವು ಏನ್ ಮೀನಬೇ?"

"ರೂಪಚಂದ್ರೀ ಯಪ್ಪಾ. ಒಂದ ಕಟ್ಲೇನು?"

ಕಟ್ಟುವುದು ಬೇಡ ಎಂದು ಕೈಮುಗಿದು, ಬಾಯಿ ತೆರೆದು ತೋರಿಸು ಎಂದು ಕೇಳಿದೆ. ನನ್ನನ್ನು ವಿಚಿತ್ರವಾಗಿ ನೋಡುತ್ತಲೇ ತೋರಿಸಿದಳು. ಒಳಗೆ ನಮ್ಮ ನಿಮ್ಮ ದವಡೆ ಹಲ್ಲಿನಂಥ ಚಪ್ಪಟೆ ಹಲ್ಲುಗಳು. ಅದರ ಇನ್ನೊಂದು ಹೆಸರು ಪಾಕು. ದಕ್ಷಿಣ ಅಮೆರಿಕದ ನದಿಗಳಲ್ಲಿ ಪಿರಾನಾದ ದಾಯಾದಿ. ನೀರಿಗೆ ಬಿದ್ದ ಹಣ್ಣು, ಕಾಯಿ, ಬೀಜಗಳನ್ನು ಒಡೆದು ತಿನ್ನುವುದಕ್ಕೆ ಈ ಹಲ್ಲು. ಪಿರಾನಾಕ್ಕೆ ಇರುವುದು ಗರಗಸದಂತೆ ಚೂಪಾದ ಮುಕ್ಕೋನದ ಹಲ್ಲು. ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ಮರಿಯಿದ್ದಾಗ ಎರಡನ್ನೂ ಗುರುತಿಸುವುದು ಕಷ್ಟ. ನಮ್ಮ ದೇಶದಲ್ಲಿ ಪಾಕುವನ್ನು ರೂಪಚಂದ್ ಎಂದು ಊಟಕ್ಕಾಗಿ ಸಾಕುತ್ತಾರೆ. ಪೂರ್ತಿ ಬೆಳೆದರೆ ಎರಡೂವರೆ ಅಡಿ ದಾಟಬಲ್ಲದು, 20 ಕಿಲೋಗೂ ಹೆಚ್ಚು ತೂಗಬಲ್ಲದು. ನಮ್ಮ ತೊಟ್ಟಿಯ ಉದ್ದವೇ ಎರಡು ಅಡಿ!

'ತೊಟ್ಟಿಯಷ್ಟೇ ಬೆಳೆಯುತ್ತವೆ' ಎಂಬ ಮಾತಿನ ಅರ್ಥ ನಿಧಾನವಾಗಿ ತಿಳಿಯುತ್ತ ಬಂತು. ಇಕ್ಕಟ್ಟಿನಲ್ಲಿ ಮೀನು ಕುಗ್ಗುವುದು ಸುಖದಿಂದಲ್ಲ. ತನ್ನ ಹೊಲಸಿನಲ್ಲೇ ಬದುಕಬೇಕಾಗಿ ಬಂದು ಸೊರಗುತ್ತದೆ, ಅಷ್ಟೆ. ಮೀನು ತಿಂದದ್ದು, ಬಿಟ್ಟದ್ದು, ವಿಸರ್ಜಿಸಿದ್ದು ಎಲ್ಲ ಸೇರಿ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಹೆಚ್ಚಾದರೆ ಅದನ್ನು ಹೊರಹಾಕಲು ನಾವೇ ನೀರು ಬದಲಿಸಬೇಕು. ಮೀನು ದೊಡ್ಡದಾದಷ್ಟೂ ಹೊಲಸು ಹೆಚ್ಚು, ಬದಲಿಸುವ ನೀರೂ ಹೆಚ್ಚು. ದೀಪಾವಳಿಯ ಹೊತ್ತಿಗೆ ಗೇಣುದ್ದವಾಗಿದ್ದ ಆ ಜೋಡಿಗೆ ವಾರಕ್ಕೆ ಎರಡು ಸಲ ಎರಡೆರಡು ಕೊಡ ಹೊಯ್ಯುತ್ತಿದ್ದೆವು. ಅಷ್ಟಾದರೂ ನೀರು ಮಬ್ಬು.

"ರೀ, ಈ ವಾರ ಮೀನಿಗೆ ನಾಕು ಕೊಡ ಆತು. ಅರವಿ ಒಗ್ಯಾಕ ಎರಡ ಉಳದಾವು" ಎಂದಳು ಹೆಂಡತಿ. ಅವಳ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಆ ತಿಂಗಳ ಕೊನೆಗೆ ಹದಿನೈದು ದಿನ ನಲ್ಲಿ ನೀರು ಬರಲಿಲ್ಲ. ಕುಡಿಯುವುದಕ್ಕೆ ಘಟಕದಿಂದ ಕ್ಯಾನು ತಂದೆವು, ಬಳಸುವುದಕ್ಕೆ ಟ್ಯಾಂಕರ್ ಹೇಳಿದೆವು. ತೊಟ್ಟಿಯ ನೀರು ಬದಲಿಸುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಒಂದು ರಾತ್ರಿ ಕರೆಂಟೂ ಹೋಯಿತು. ಗಾಳಿ ಊದುವ ಪಂಪು ನಿಂತಿತು. ಬೆಳಗ್ಗೆ ಎದ್ದು ನೋಡಿದರೆ ಒಂದು ಮೀನು ಮಗುಚಿ ತೇಲುತ್ತಿತ್ತು. ಇನ್ನೊಂದು ನೀರಿನ ಮೇಲಕ್ಕೆ ಬಾಯಿ ಚಾಚಿ ಗಾಳಿ ಗುಟುಕರಿಸುತ್ತಿತ್ತು.

ಮಗ ಅಳಲಿಲ್ಲ. ಹಿತ್ತಲಲ್ಲಿ ಪೇರಲ ಗಿಡದ ಬುಡದಲ್ಲಿ ತಾನೇ ಕುಣಿ ತೋಡಿ ಹೂಳಿದ. ಕೈ ತೊಳೆಯುವುದಕ್ಕೆ ಅರ್ಧ ತಂಬಿಗೆ ನೀರು ಸಾಕು ಎಂದ. ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಕೇಳಿದ: "ಅಪ್ಪಾ, ನಾವ ಕೊಂದಂಗ ಆತಿಲ್ಲ?"

ಆಗಲೇ ನನಗೆ ಕೆರೆಯ ನೆನಪಾದದ್ದು. ಉಳಿದ ಒಂದನ್ನು ಕೆರೆಗೆ ಬಿಟ್ಟುಬಿಡೋಣ. ಮೀನಿಗೆ ಬಿಡುಗಡೆ, ನಮಗೆ ಪುಣ್ಯ. ಅವ್ವ ಕೂಡಲೇ ಒಪ್ಪಿದಳು. ಜನವರಿಯ ಒಂದು ಭಾನುವಾರ, ಮುಚ್ಚಳಕ್ಕೆ ತೂತು ಹೊಡೆದ ಬಕೀಟಿನಲ್ಲಿ ಮೀನನ್ನು ಹಾಕಿಕೊಂಡು, ಸ್ಕೂಟರಿನ ಮುಂದೆ ಕಾಲ ನಡುವೆ ಇಟ್ಟುಕೊಂಡು, ಹಿಂದೆ ಮಗನನ್ನು ಕೂರಿಸಿಕೊಂಡು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೊರಟೆ. ನಾನು ವಾರವಾರ ಓಡಾಡುವ ಹಾದಿಯದು.

ಚಳಿಗಾಲದಲ್ಲಿ ಆ ಕೆರೆ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಮಳೆ ನೀರು ಹಿಡಿದು ಹೊಲಕ್ಕೆ ಹರಿಸಲು ಜನ ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ. ಮಧ್ಯ ಏಷ್ಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತವೆ. ಸುತ್ತಲ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯ್ದು ಬಂದು ನೀರಿನಲ್ಲಿ ವಿಶ್ರಮಿಸುತ್ತವೆ. 2024ರ ಜನವರಿಯಲ್ಲಿ, ಅಘನಾಶಿನಿ ಮತ್ತು ಅಂಕಸಮುದ್ರದ ಜೊತೆಗೆ ಈ ಕೆರೆಯೂ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತು ಕಾಪಾಡಿಕೊಳ್ಳಬೇಕಾದ ಜೌಗು ನೆಲಗಳ ಪಟ್ಟಿ ಅದು. ನಾನು ಇದನ್ನೆಲ್ಲ ಮಗನಿಗೆ ಹೆಮ್ಮೆಯಿಂದ ಹೇಳುತ್ತಲೇ ಬಕೀಟು ಹಿಡಿದು ಏರಿಯ ಮೇಲೆ ನಡೆದೆ. ನನ್ನ ಮಾತಿಗೂ ನನ್ನ ಕೈಯಲ್ಲಿದ್ದ ಬಕೀಟಿಗೂ ಹೊಂದುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ.

ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ಹತ್ತಿರ ಬಂದ.

"ಬಕೀಟಿನ್ಯಾಗ ಏನೈತ್ರಿ?"

"ಮೀನ ಅಜ್ಜಾ. ಮನ್ಯಾಗ ಸಾಕಿದ್ವಿ, ದೊಡ್ಡದಾತು. ಇಲ್ಲೆ ಬಿಟ್ಟು ಹೋಗಾಕ ಬಂದೀವಿ. ಪಾಪ, ಬದುಕಿಕೊಳ್ಳಲಿ ಅಂತ."

ಅಜ್ಜ ಬಗ್ಗಿ ನೋಡಿದ. "ಇದು ಈ ಕೆರಿದಲ್ಲ."

"ಅಲ್ಲ. ಹೊರದೇಶದ್ದು."

ಅವನು ಬಡಿಗೆಯಿಂದ ದೂರದ ಒಂದು ಪೊದೆ ತೋರಿಸಿದ. "ಅದೂ ಹೊರಗಿಂದನ. ಬಳ್ಳಾರಿ ಜಾಲಿ. ಉರುವಲಾಕ್ಕತಿ, ಬೇಲಿಯಾಕ್ಕತಿ, ಚಲೋದು ಅಂತನ ತಂದು ಹಚ್ಚಿದ್ರು. ಈಗ ಕಡದ್ರ ಮತ್ತ ಚಿಗಿತೈತಿ, ಸುಟ್ರ ಮತ್ತ ಹುಟ್ಟತೈತಿ. ಹೊಲಾನ ನುಂಗಿತು." ಇಷ್ಟು ಹೇಳಿ, ಬಿಡಬೇಡ ಎಂದೂ ಹೇಳದೆ, ಕುರಿಗಳ ಹಿಂದೆ ಹೋದ.

ನಾನು ನಿಂತುಬಿಟ್ಟೆ. ನಿಜವಲ್ಲವೇ? ಬೇಗ ಬೆಳೆಯುತ್ತದೆ ಎಂದು ತಂದ ಆಫ್ರಿಕಾದ ಕ್ಯಾಟ್‌ಫಿಶ್ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ ಎಂದು ಗೊತ್ತಾಗಿ, ಕೇಂದ್ರ ಸರಕಾರ 2000ದಲ್ಲಿ ಅದರ ಸಾಕಣೆಯನ್ನು ನಿಷೇಧಿಸಿತು. ಆದರೂ ಅದು ನಮ್ಮ ನದಿ, ಕೆರೆಗಳಿಂದ ಹೋಗಿಲ್ಲ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಸಿಕ್ಕಿದ್ದು, ಉತ್ತರ ಅಮೆರಿಕದ ಅಲಿಗೇಟರ್ ಗಾರ್. ಅದು ಅಲ್ಲಿಗೆ ಈಜಿಕೊಂಡಂತೂ ಬಂದಿರಲಾರದು.

"ಅಪ್ಪಾ, ನಮ್ಮದು ಒಂದ ಐತಿ. ಒಂದರಿಂದ ಏನಾಕ್ಕತಿ?" ಎಂದ ಮಗ.

"ಬಕೀಟು ತರೋರೆಲ್ಲ ಒಂದೊಂದನ ತರ್ತಾರಪಾ" ಎಂದೆ. ಆ ಮಾತು ನನಗೆ ನಾನೇ ಹೇಳಿಕೊಂಡದ್ದು. ಹೆಬ್ಬಾತುಗಳನ್ನು ಸ್ವಲ್ಪ ಹೊತ್ತು ನೋಡಿದೆವು. ಬಕೀಟು ಎತ್ತಿಕೊಂಡು ವಾಪಸ್ಸು ಬಂದೆವು. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ.

ಮುಂದಿನ ಭಾನುವಾರ ಮುಂಡರಗಿಗೆ ಹೋದೆವು. ಅಲ್ಲಿ ನನಗೆ ಪರಿಚಯದ ಔಷಧ ಅಂಗಡಿಯವರೊಬ್ಬರ ಕಾಕಾ ಹೊಳೆಯ ಕಡೆಗೆ ಹೊಲ ಮಾಡಿಕೊಂಡಿದ್ದಾರೆ. ತುಂಗಭದ್ರೆ ಹರಿಯುವುದು ಆ ಕಡೆ. ನಮ್ಮ ಅವಳಿ ನಗರದ ನಲ್ಲಿಗೆ ಬರುವುದೂ ಅದೇ ಹೊಳೆಯ ನೀರು. ಕಾಕಾನ ಹೊಲದಲ್ಲಿ ಹನಿ ನೀರಾವರಿಗಾಗಿ ಕಟ್ಟಿದ ದೊಡ್ಡ ಸಿಮೆಂಟು ಟಾಕಿ ಇದೆ. ಅದರಲ್ಲಿ ಆಗಲೇ ಹತ್ತಾರು ರೂಪಚಂದ್ ಇದ್ದವು. ಟಾಕಿಯ ನೀರು ಜಾಳಿಗೆ ದಾಟಿ ಪೈಪಿನಲ್ಲಿ ಗಿಡದ ಬುಡಕ್ಕೆ ಹೋಗುತ್ತದೆಯೇ ಹೊರತು ಹಳ್ಳ ಹೊಳೆಗೆ ಅಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದೆ.

ಮಗ ಬಕೀಟು ಕೆಳಗಿಟ್ಟು ಕೇಳಿದ: "ಕಾಕಾ, ಇದನ್ನ ನೀವು ತಿನ್ನಂಗಿಲ್ಲಲ್ರೀ?"

ಕಾಕಾ ನಕ್ಕರು. "ಸುಳ್ಳ ಹೇಳಂಗಿಲ್ಲ ತಮ್ಮಾ. ನಾವು ಸಾಕೂದ ತಿನ್ನಾಕ. ಆದ್ರ ಇರೂಮಟ ಅದು ಈ ಟಾಕಿ ತುಂಬ ಈಸತೈತಿ. ಅಷ್ಟ ಮಾತ ಕೊಡ್ತೀನಿ. ವಿಚಾರ ಮಾಡು."

ಅವನು ಬಹಳ ಹೊತ್ತು ವಿಚಾರ ಮಾಡಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ತಾನೇ ಬಕೀಟನ್ನು ಟಾಕಿಯ ನೀರಿನಲ್ಲಿ ವಾಲಿಸಿ ಹಿಡಿದ. ಮೀನು ಒಂದು ಗಳಿಗೆ ಅಂಚಿನಲ್ಲೇ ನಿಂತಿತು. ಆಮೇಲೆ ಉದ್ದಕ್ಕೆ ಒಂದೇ ಸೆಳೆತದಲ್ಲಿ ಟಾಕಿಯ ಆಚೆ ಬದಿಗೆ ಹೋಗಿಬಿಟ್ಟಿತು. ಅಷ್ಟು ದೂರ ನೇರವಾಗಿ ಈಜಿದ್ದನ್ನು ನಾವು ಯಾವತ್ತೂ ನೋಡಿರಲಿಲ್ಲ. ನೋಡಲು ಅದಕ್ಕೆ ಜಾಗವನ್ನೇ ಕೊಟ್ಟಿರಲಿಲ್ಲ.

ಊಟಕ್ಕೆ ಕೂತಾಗ ಕಾಕಾ ಹೊಳೆಯ ಬೇಟೆಗಾರರ ಕಥೆ ಹೇಳಿದರು. ಗಾಳಿಯನ್ನೂ ಕುಡಿದು ಬದುಕುವ ಕೊರವ ಮೀನು, ಕಪ್ಪೆ ಕಂಡರೆ ಬಿಡುವುದಿಲ್ಲವಂತೆ. ದೊಡ್ಡ ಬಾಯಿಯ, ಉದ್ದ ಮೀಸೆಯ ಬಾಳೆ ಮೀನು ಆಳಿನಷ್ಟು ಉದ್ದ ಬೆಳೆಯುತ್ತದಂತೆ. ಮಗ ರೊಟ್ಟಿ ಮುರಿಯುವುದನ್ನೂ ಮರೆತು ಕೇಳಿದ. ಬರುವಾಗ ಸ್ಕೂಟರಿನ ಮೇಲೆ ಹೇಳಿದ: "ಅಪ್ಪಾ, ಕೊರವ ನಮ್ಮ ತೊಟ್ಟಿಗೆ ಬ್ಯಾಡ. ಹೊಳಿನ ಅದಕ್ಕ ಬರೋಬರಿ."

ಅವನಿಗೆ ಬೇಟೆಗಾರನ ಆಸೆ ಹೋಗಿಲ್ಲ, ಆದರೆ ಕಣ್ಣು ತೆರೆದಿದೆ ಎಂದು ನನಗೆ ಅನಿಸಿದ್ದು ಆಗ.

ಈ ಸಲ ಅಂಗಡಿಗೆ ಹೋಗುವ ಮೊದಲು ಇಬ್ಬರೂ ನೋಟುಬುಕ್ಕು ಹಿಡಿದು ಕೂತೆವು. ಮೂರು ಪ್ರಶ್ನೆ ಬರೆದುಕೊಂಡೆವು. ಮೀನು ಪೂರ್ತಿ ಬೆಳೆದಾಗ ಎಷ್ಟು ಉದ್ದ? ಏನು ತಿನ್ನುತ್ತದೆ, ಅದನ್ನು ಯಾರು ಕೊಡುತ್ತಾರೆ? ವಾರಕ್ಕೆ ಎಷ್ಟು ಕೊಡ ನೀರು? ಮೂರನೆಯದನ್ನು ಬರೆಯಿಸಿದವಳು ನನ್ನ ಹೆಂಡತಿ. "ಒಂದ ಕೊಡ. ಅದರ ಮ್ಯಾಲೆ ಒಂದ ತಂಬಗಿ ಕೇಳಬ್ಯಾಡ್ರಿ" ಎಂದು ಗೆರೆ ಎಳೆದುಬಿಟ್ಟಳು. ಲೆಕ್ಕವೂ ಸರಿಯಾಗಿತ್ತು. ನಾಲ್ಕು ಕೊಡದ ತೊಟ್ಟಿಯಲ್ಲಿ ವಾರಕ್ಕೆ ಕಾಲು ಭಾಗ ಬದಲಿಸುವುದು ಒಳ್ಳೆಯ ರೂಢಿ.

ಪಟ್ಟಿಯಲ್ಲಿದ್ದ ಹೆಸರುಗಳು ಒಂದೊಂದಾಗಿ ಉದುರಿದವು. ಆಸ್ಕರ್ ಒಂದು ಅಡಿ ಬೆಳೆಯುತ್ತದೆ, ನಮ್ಮ ತೊಟ್ಟಿಯಲ್ಲಿ ತಿರುಗುವುದಕ್ಕೂ ಆಗದು. ಜನ ತಳಿ ಬೆರೆಸಿ ಮಾಡಿದ ಫ್ಲವರ್‌ಹಾರ್ನ್‌ದೂ ಅದೇ ಕಥೆ. ಬೆಳ್ಳಿ ಅರೋವಾನಾ ಮೂರು ಅಡಿ. ಕೆಂಪು ಬಾಲದ ಕ್ಯಾಟ್‌ಫಿಶ್ ಒಂದು ಮೀಟರ್ ಮೀರುತ್ತದೆ, ಅಂಗಡಿಯಲ್ಲಿ ಮಾತ್ರ ಮೂರು ಅಂಗುಲದ ಮುದ್ದು ಮರಿ. ಅಲಿಗೇಟರ್ ಗಾರ್ ನಮ್ಮ ಪಡಸಾಲೆಯ ಬಾಗಿಲಿನಷ್ಟು. ಮಗ ಒಂದೊಂದಕ್ಕೂ ಗೀಟು ಹಾಕುವಾಗ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ.

ಆಮೇಲೆ ಸಣ್ಣ ಬೇಟೆಗಾರರ ಕಡೆ ತಿರುಗಿದೆವು. ಇವರು ಇದ್ದಾರೆಂದೇ ನಮಗೆ ಗೊತ್ತಿರಲಿಲ್ಲ. ಬೇಟೆ ಎಂದರೆ ದೊಡ್ಡ ಬಾಯಿ ಎಂದೇ ತಿಳಿದಿದ್ದೆವು. ಒಂದು ಅಂಗುಲದ ಬಟಾಣಿ ಪಫರ್ ಎಂಬ ಮೀನು ಬಸವನಹುಳುಗಳನ್ನು ಹುಡುಕಿ ಹುಡುಕಿ ತಿನ್ನುತ್ತದೆ. ನಮ್ಮದೇ ಪಶ್ಚಿಮ ಘಟ್ಟದ ಹೊಳೆಗಳದು. ಆದರೆ ಅದನ್ನು ಹೊಳೆಗಳಿಂದ ಹಿಡಿದು ಹಿಡಿದು ಮಾರಿ ಅದರ ಸಂತತಿ ಅಪಾಯಕ್ಕೆ ಬಂದಿದೆ. ತೊಟ್ಟಿಯಲ್ಲೇ ಹುಟ್ಟಿದ್ದು ಎಂದು ಖಾತ್ರಿಯಾಗದೆ ತರುವುದು ಬೇಡ ಎಂದು ಅದನ್ನು ಬಿಟ್ಟೆವು. ಥಾಯ್ಲೆಂಡ್ ಕಡೆಯ ಬೆಟ್ಟಾ ಒಂದೇ ಒಂದನ್ನು ಇಡಬಹುದಿತ್ತು. ಅದು ಇವನಿಗೆ ರುಚಿಸಲಿಲ್ಲ.

ಕೊನೆಗೆ ಉಳಿದದ್ದು ಪಂಚಾಕ್ಸ್. ಅಂಗಡಿಗಳಲ್ಲಿ ಅದರ ಹೊಂಬಣ್ಣದ ತಳಿಗೆ ಗೋಲ್ಡನ್ ವಂಡರ್ ಎನ್ನುತ್ತಾರೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹಳ್ಳ, ಕೆರೆ, ಗದ್ದೆಗಳ ಮೀನು. ಉದ್ದ ನಾಲ್ಕು ಅಂಗುಲ. ಚಪ್ಪಟೆ ಬೆನ್ನು, ಮೇಲ್ಮುಖವಾದ ಬಾಯಿ, ಬೆನ್ನಿನ ರೆಕ್ಕೆ ಬಾಲದ ಹತ್ತಿರ ಹಿಂದಕ್ಕೆ. ನೀರಿನ ಮೇಲ್ಪದರದ ಕೆಳಗೆ ಕಡ್ಡಿಯಂತೆ ಅಲ್ಲಾಡದೆ ನಿಂತು, ಮೇಲೆ ಹುಳು ಬಿದ್ದೊಡನೆ ಬಾಣದಂತೆ ನುಗ್ಗುತ್ತದೆ. ಬಾಯಿಗೆ ಹಿಡಿಸುವ ಸಣ್ಣ ಮೀನು ಜೊತೆಗಿದ್ದರೆ ಅದನ್ನೂ ಬಿಡುವುದಿಲ್ಲ. ಅಪ್ಪಟ ಬೇಟೆಗಾರ. ಅಮೆಜಾನಿನ ತನಕ ಹುಡುಕಿಕೊಂಡು ಹೋಗಿದ್ದ ನಮಗೆ ಸಿಕ್ಕಿದ್ದು ನಮ್ಮ ಸೀಮೆಯವನೇ!

ಆದರೂ ಕೂಡಲೇ ತರಲಿಲ್ಲ. ತೊಟ್ಟಿ ತೊಳೆದು, ಉಸುಕು, ನೀರಿನ ಗಿಡ ಹಾಕಿ, ಫಿಲ್ಟರ್ ಹಚ್ಚಿ, ನಲ್ಲಿ ನೀರಿನ ಕ್ಲೋರಿನ್ ಹೋಗಲು ಔಷಧಿಯ ಹನಿ ಹಾಕಿ, ಐದು ವಾರ ಮೀನಿಲ್ಲದೆ ಬಿಟ್ಟೆವು. ದಿನಾ ಚಿಟಿಕೆ ಮೀನಿನ ಆಹಾರ ಮಾತ್ರ ಹಾಕುತ್ತಿದ್ದೆವು. ಸ್ಪಂಜಿನಲ್ಲಿ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಅಷ್ಟು ಕಾಲ ಬೇಕು. "ಮೀನ ಇಲ್ಲದ ತೊಟ್ಟಿಗೆ ಊಟ ಹಾಕ್ತಾರ ಇವರು" ಎಂದು ಅವ್ವ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು. ಐದು ವಾರದ ಮೇಲೆ ಒಂದು ಗಂಡು, ಎರಡು ಹೆಣ್ಣು ಬಂದವು. ಈ ಮೀನು ಜಿಗಿಯುವುದರಲ್ಲಿ ನಿಸ್ಸೀಮ. ಅದಕ್ಕೇ ಸಂದಿ ಉಳಿಯದಂತೆ ಮುಚ್ಚಳ ಹಾಕಿದೆವು.

ಇನ್ನು ಉಳಿದದ್ದು ಎರಡನೆಯ ಪ್ರಶ್ನೆ, ಊಟದ್ದು. ಅದಕ್ಕೆ ಉತ್ತರ ನಮ್ಮ ಹಿತ್ತಲಲ್ಲೇ ಇತ್ತು, ಡ್ರಮ್ಮಿನಲ್ಲಿ.

ಹತ್ತು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಎಲ್ಲರೂ ನೀರು ಕೂಡಿಡುತ್ತಾರೆ. ಡೆಂಗಿ ಹರಡುವ ಸೊಳ್ಳೆಗೆ ಬೇಕಾದದ್ದು ಹೀಗೆ ನಿಂತ ಶುದ್ಧ ನೀರೇ. ಮೊಟ್ಟೆ ಒಡೆದು, ಹುಳುವಾಗಿ, ಸೊಳ್ಳೆಯಾಗಿ ಹಾರಲು ಬೆಚ್ಚಗಿನ ದಿನಗಳಲ್ಲಿ ಎಂಟು ಹತ್ತು ದಿನ ಸಾಕು. ಅಂದರೆ ಒಂದು ನೀರಿನ ಸರದಿಯಿಂದ ಇನ್ನೊಂದು ಸರದಿಯವರೆಗೆ! ಹಿಂದಿನ ಮಳೆಗಾಲದಲ್ಲಿ ನಮ್ಮ ಸಣ್ಣ ಮಗಳು ಡೆಂಗಿಯಿಂದ ಐದು ದಿನ ಆಸ್ಪತ್ರೆಯಲ್ಲಿದ್ದಳು. ದಿನಾ ಔಷಧದ ಚೀಲ ಹೊತ್ತು ಡಾಕ್ಟರರ ಬಾಗಿಲು ಕಾಯುವ ನಾನು, ಆ ಐದು ದಿನ ಪ್ಲೇಟ್‌ಲೆಟ್ ಚೀಟಿಗಾಗಿ ಕಾದದ್ದನ್ನು ಮರೆತಿಲ್ಲ.

ಮಗ ಟೀ ಸೋಸುವ ಹಳೆಯ ಜಾಳಿಗೆಯೊಂದನ್ನು ಕೋಲಿಗೆ ಕಟ್ಟಿಕೊಂಡ. ಡ್ರಮ್ಮಿನ ಮುಚ್ಚಳ ತೆಗೆದು, ತಲೆಕೆಳಗಾಗಿ ತೂಗಾಡುವ ಹುಳುಗಳನ್ನು ಗಾಳಿಸಿ, ಒಳ್ಳೆಯ ನೀರಿನಲ್ಲಿ ತೊಳೆದು ತೊಟ್ಟಿಗೆ ಬಿಟ್ಟ. ಕಡ್ಡಿಯಂತೆ ನಿಂತಿದ್ದ ಮೀನು ಒಮ್ಮೆ ನಡುಗಿತು. ಟಪ್! ಹುಳು ಇಲ್ಲ. ಮತ್ತೆ ಟಪ್! ಮಗ ಕೂಗಿದ ಕೂಗಿಗೆ ಮಗ್ಗುಲ ಮನೆಯವರು ಓಡಿ ಬಂದರು. ಅವನು ಫೋನಿನಲ್ಲಿ ನೋಡಿದ್ದ ಬೇಟೆಯೆಲ್ಲ ನಾಲ್ಕು ಅಂಗುಲದಲ್ಲಿ ಅವನ ಕಣ್ಣ ಮುಂದೆ ನಡೆಯಿತು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇನ್ನು ಜೀವಹಿಂಸೆಯ ಮಾತು ಬಂತು ಎಂದುಕೊಂಡೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೊಳ್ಳಿ ಹುಳಾನೇನು?" ಎಂದು ಕೇಳಿದಳು. ಹೌದು ಎಂದೆ. "ಹಂಗಾರ ತಿನ್ಲಿ ಬಿಡು. ದಿನಾ ಸಂಜಿಕೆ ಚಪ್ಪಾಳೆ ಹೊಡದು ಕೊಲ್ಲಾಕ ಹತ್ತೀನಿ ನಾನು. ನನ್ನ ಪಾಪ ಅದು ಹೊತಗೊಂತೈತಿ" ಎಂದು ಒಳಗೆ ಹೋದಳು.

ಮರುದಿನದಿಂದ ಮಗನ ಬೇಟೆ ಶುರು. ನಮ್ಮ ಡ್ರಮ್ಮು ಮುಗಿಸಿ ಮಗ್ಗುಲ ಮನೆಯದು, ಅದು ಮುಗಿಸಿ ಎದುರಿನ ಮನೆಯ ಹಳೆಯ ಟೈರು, ಕೂಲರಿನ ತಟ್ಟೆ, ಒಡೆದ ಗಡಿಗೆ. ಓಣಿಯ ಹುಡುಗರು ಗುಂಪು ಕಟ್ಟಿದರು. ಮೊದಲೇ ಒಂದು ಕರಾರು ಮಾಡಿದ್ದೆ: ಹುಳ ಗಾಳಿಸಿದ ಮೇಲೆ ಡ್ರಮ್ಮಿಗೆ ಅರಿವೆ ಕಟ್ಟಿ ಮುಚ್ಚಿಯೇ ಬರಬೇಕು, ಟೈರಿನ ನೀರು ಚೆಲ್ಲಬೇಕು, ಚರಂಡಿಯ ಹುಳ ತರಬಾರದು, ಮೀನಿಗೆಂದು ಹುಳ ಸಾಕುವ ಹಾಗಂತೂ ಇಲ್ಲವೇ ಇಲ್ಲ. ವಾರಕ್ಕೊಮ್ಮೆ ತೊಟ್ಟಿಯಿಂದ ತೆಗೆದ ಒಂದು ಕೊಡ ನೀರು ಅವ್ವನ ತುಳಸಿಗೆ, ಮಲ್ಲಿಗೆ ಬಳ್ಳಿಗೆ. ಮೀನಿಗೆ ಬೇಡವಾದ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಮಲ್ಲಿಗೆ ಈ ಸಲ ಚೆನ್ನಾಗಿ ಬಿಟ್ಟಿದೆ. ಅದು ತನ್ನ ಕೈಗುಣ ಎಂದು ಅವ್ವ ಹೇಳುತ್ತಾಳೆ, ಹೆಂಡತಿ ಒಂದು ಕೊಡದ ಉಳಿತಾಯ ಎನ್ನುತ್ತಾಳೆ.

ತಿಂಗಳು ಕಳೆಯಿತು. ಒಂದು ಸಂಜೆ ಮಗ ಜಾಳಿಗೆ ಹಿಡಿದುಕೊಂಡು ಸಪ್ಪೆ ಮುಖ ಮಾಡಿ ಬಂದ. ನನ್ನ ಎದೆ ಧಸಕ್ಕೆಂದಿತು. ಹಿತ್ತಲಿನ ಪೇರಲ ಗಿಡ ನೆನಪಾಯಿತು.

"ಏನಾತೋ?"

"ಅಪ್ಪಾ, ಇಡೀ ಓಣಿ ತಿರುಗಿ ಬಂದೆ. ಒಂದ ಮನ್ಯಾಗೂ ಹುಳ ಇಲ್ಲ. ಮೀನಿಗೆ ಏನ್ ಹಾಕೂದು?"

ಅಂಗಡಿಯ ಒಣ ಆಹಾರದ ಡಬ್ಬಿಯನ್ನು ನಾನು ಹುಡುಕುವಷ್ಟರಲ್ಲಿ, ಒಳಗಿನಿಂದ ಅವ್ವನ ಧ್ವನಿ ಬಂತು.

"ಒಂದೀಟು ಸವತಿಕಾಯಿ ಹಾಕಿ ನೋಡ್ರೋ!"